ಗೊರಿಲ್ಲಾಝ್ ಅಲ್ಮನ್ಯಾಕ್: ಇಪ್ಪತ್ತು ತುಂಬಿದ ಕಾರ್ಟೂನ್ ಬ್ಯಾಂಡಿಗೆ ಮಕ್ಕಳ ವಾರ್ಷಿಕದ ವೇಷ ಒಪ್ಪುತ್ತದೆಯೇ?

ಪ್ರಶ್ನೆ — ನೀಲಿಶಾಯಿ

ಕಾರ್ಟೂನ್ ಪಾತ್ರಗಳೇ ಸದಸ್ಯರಾಗಿರುವ ಬ್ರಿಟನ್ನಿನ ಗೊರಿಲ್ಲಾಝ್ ತಂಡದ ಹಾಡುಗಳನ್ನು ನಾನು ಬಹುಕಾಲದಿಂದ ಕೇಳುತ್ತಿದ್ದೇನೆ, ಆದರೆ ಆ ತಂಡದ ಸುತ್ತ ಬೆಳೆದಿರುವ ಚಿತ್ರ, ಕಥೆ, ಪುಸ್ತಕಗಳ ಲೋಕವನ್ನು ಹೊಕ್ಕು ನೋಡಿದವನಲ್ಲ. ‘ದ ಮೌಂಟನ್’ ಆಲ್ಬಮ್ಮಿಗಾಗಿ ಆಶಾ ಭೋಂಸ್ಲೆ, ಅನೂಷ್ಕಾ ಶಂಕರ್ ಮೊದಲಾದವರು ಈ ತಂಡದೊಡನೆ ಕೈಜೋಡಿಸಿದ ಮೇಲೆ ನನ್ನ ಕುತೂಹಲ ಇನ್ನಷ್ಟು ಹೆಚ್ಚಿದೆ. ಇದೇ ಹೊತ್ತಿನಲ್ಲಿ ಪರಿಚಿತರೊಬ್ಬರು, ತಂಡದ ಇಪ್ಪತ್ತು ವರ್ಷಗಳ ನೆನಪಿಗಾಗಿ 2020ರಲ್ಲಿ ಹೊರಬಂದ ‘ಗೊರಿಲ್ಲಾಝ್ ಅಲ್ಮನ್ಯಾಕ್’ ಎಂಬ ಸಚಿತ್ರ ವಾರ್ಷಿಕವನ್ನು ನನಗೆ ಮಾರಲು ಮುಂದಾಗಿದ್ದಾರೆ. ಅಮೆರಿಕದ ಝೀ-ಟೂ ಕಾಮಿಕ್ಸ್ ಪ್ರಕಟಿಸಿರುವ ಈ ಗಟ್ಟಿ ರಟ್ಟಿನ ಪುಸ್ತಕದಲ್ಲಿ ನೂರಿಪ್ಪತ್ತಕ್ಕೂ ಹೆಚ್ಚು ವರ್ಣಮಯ ಪುಟಗಳಿವೆ. ಕಾಮಿಕ್ಸ್, ಬಿಡಿಚಿತ್ರಗಳು, ಒಗಟುಗಳು, ಆಟಗಳೆಲ್ಲ ಒಟ್ಟಿಗೆ ಸೇರಿವೆ, ಜೊತೆಗೆ ಅದೇ ವರ್ಷದ ‘ಸಾಂಗ್ ಮಷೀನ್’ ಆಲ್ಬಮ್ಮಿನ ಸಿಡಿಯೂ ಇದೆ.

ಕೊಳ್ಳುವ ಮೊದಲು ಅಭಿಮಾನಿಗಳ ಅಭಿಪ್ರಾಯಗಳನ್ನು ಹುಡುಕಿ ಓದಿದೆ, ಓದಿದ್ದರಿಂದ ಗೊಂದಲವೇ ಹೆಚ್ಚಾಯಿತು. ಒಂದು ಗುಂಪಿನವರು ಇದನ್ನು ತಂಡ ತನ್ನ ಅಭಿಮಾನಿಗಳಿಗೆ ಕೊಟ್ಟ ಅತ್ಯಂತ ಪ್ರೀತಿಯ ಕಾಣಿಕೆಯೆಂದು ಹೊಗಳುತ್ತಾರೆ. ಇನ್ನೊಂದು ಗುಂಪಿನವರು, ಇಪ್ಪತ್ತು ವರ್ಷ ಕಾದದ್ದು ಪದಬಂಧ ಬಿಡಿಸುವುದಕ್ಕಾಗಿಯೇ ಎಂದು ಕೇಳುತ್ತಾರೆ. ಅಷ್ಟು ದೊಡ್ಡ ಮೈಲಿಗಲ್ಲಿಗೆ ತಂಡದ ಇತಿಹಾಸವನ್ನೋ ಚಿತ್ರಗಳ ಸಮಗ್ರ ಸಂಪುಟವನ್ನೋ ತರುವ ಬದಲು ಹೀಗೆ ಮಕ್ಕಳ ಪುಸ್ತಕದಂತೆ ಕಾಣುವ ಸಂಕಲನವೊಂದನ್ನು ತಂದದ್ದು ಏಕೆ, ಮತ್ತು ಅಭಿಮಾನಿಗಳು ಹೀಗೆ ಎರಡು ಹೋಳಾಗಿದ್ದು ಏಕೆ ಎಂಬುದನ್ನು ಬಲ್ಲವರು ತಿಳಿಸಿದರೆ ಕೊಳ್ಳಬೇಕೋ ಬೇಡವೋ ಎಂಬುದನ್ನು ನಾನೇ ತೀರ್ಮಾನಿಸಿಕೊಳ್ಳುತ್ತೇನೆ.

ಉತ್ತರ — ಲೀಡ್ಸ್‌ವಾಸಿ

ನಿಮ್ಮ ಪ್ರಶ್ನೆಯ ಮೊದಲ ಭಾಗಕ್ಕೆ ಉತ್ತರ ಸಿಗಬೇಕಾದರೆ ಬ್ರಿಟನ್ನಿನಲ್ಲಿ ವಾರ್ಷಿಕವೆಂದರೆ ಏನು ಎಂಬುದನ್ನು ಸ್ವಲ್ಪ ನೋಡಬೇಕಾಗುತ್ತದೆ. ನಮ್ಮಲ್ಲಿ ದೀಪಾವಳಿ ವಿಶೇಷಾಂಕ ಹೇಗೋ ಇಲ್ಲಿನ ಮಕ್ಕಳಿಗೆ ಕ್ರಿಸ್‌ಮಸ್ ವಾರ್ಷಿಕ ಹಾಗೆ, ಆದರೆ ಅದು ಗಟ್ಟಿ ರಟ್ಟಿನ ಪುಸ್ತಕವಾಗಿರುವುದರಿಂದ ರದ್ದಿಗೆ ಹೋಗುವುದಿಲ್ಲ, ಅಟ್ಟದ ಮೇಲೆ ಉಳಿಯುತ್ತದೆ. ಶರತ್ಕಾಲ ಬರುತ್ತಿದ್ದಂತೆಯೇ ಅಂಗಡಿಗಳಲ್ಲಿ ಅವುಗಳ ರಾಶಿ ಕಾಣಿಸಿಕೊಳ್ಳುತ್ತದೆ. ಮುಖಪುಟದ ಮೇಲೆ ಮರುವರ್ಷದ ಇಸವಿಯನ್ನು ಅಚ್ಚು ಮಾಡುವುದು ವಾಡಿಕೆ, ಹಬ್ಬ ಮುಗಿದ ಮರುದಿನವೇ ಅರ್ಧ ಬೆಲೆಗೆ ಇಳಿಯುವುದೂ ವಾಡಿಕೆ. ರೂಪರ್ಟ್ ಎಂಬ ಕರಡಿಯ ವಾರ್ಷಿಕ 1936ರಿಂದ ಬರುತ್ತಿದೆ. 1938ರಲ್ಲಿ ಹುಟ್ಟಿದ ‘ಬೀನೋ’ ವಾರಪತ್ರಿಕೆಯ ವಾರ್ಷಿಕವಿಲ್ಲದೆ ಇಲ್ಲಿನ ಎಷ್ಟೋ ಮನೆಗಳಲ್ಲಿ ಹಬ್ಬವೇ ಪೂರ್ಣವಾಗುತ್ತಿರಲಿಲ್ಲ. ಒಳಗಿನ ಸಾಮಗ್ರಿಗೂ ಒಂದು ಗೊತ್ತಾದ ಕ್ರಮವಿದೆ: ಪುಸ್ತಕದ ಒಡೆಯನ ಹೆಸರು ಬರೆಯಲು ಒಂದು ಪುಟ, ನಾಲ್ಕಾರು ಚಿತ್ರಕಥೆಗಳು, ಅವುಗಳ ನಡುವೆ ದಾರಿ ಹುಡುಕುವ ಆಟ, ವ್ಯತ್ಯಾಸ ಗುರುತಿಸುವ ಆಟ, ಪದಬಂಧ, ಕೊನೆಯಲ್ಲಿ ತಲೆಕೆಳಗಾಗಿ ಅಚ್ಚಾದ ಉತ್ತರಗಳು.

ಕಾಮಿಕ್ಸ್ ಪಾತ್ರಗಳಿಗಷ್ಟೇ ಈ ಭಾಗ್ಯವಿತ್ತೆಂದು ತಿಳಿಯಬೇಡಿ. ದೂರದರ್ಶನದ ಜನಪ್ರಿಯ ಕಾರ್ಯಕ್ರಮಗಳಿಗೂ ಪಾಪ್ ತಾರೆಯರಿಗೂ ವಾರ್ಷಿಕಗಳಿದ್ದವು. 1966ರಲ್ಲಿ ಅಮೆರಿಕದ ಟೀವಿ ಧಾರಾವಾಹಿಯೊಂದಕ್ಕಾಗಿಯೇ ಜೋಡಿಸಲ್ಪಟ್ಟ ‘ಮಂಕೀಸ್’ ತಂಡದ ಹೆಸರಿನಲ್ಲಿಯೂ ಬ್ರಿಟನ್ನಿನಲ್ಲಿ ವಾರ್ಷಿಕಗಳು ಬಂದವು. ನಾಯಕನ ಮೆಚ್ಚಿನ ತಿಂಡಿ, ಡ್ರಮ್ಮರನ ಕೂದಲಿನ ಗುಟ್ಟು ಮುಂತಾದ ಹುಸಿ ಆಪ್ತತೆಯ ಬರಹಗಳಿಂದ ಇಂಥ ಪುಸ್ತಕಗಳು ತುಂಬಿರುತ್ತಿದ್ದವು. ಮಾರುಕಟ್ಟೆ ತಯಾರಿಸಿದ ತಾರೆಯನ್ನು ಮಗುವಿನ ಗೆಳೆಯನನ್ನಾಗಿ ಮಾಡಿಕೊಡುವುದೇ ಅವುಗಳ ಕೆಲಸವಾಗಿತ್ತು.

ಈಗ ಗೊರಿಲ್ಲಾಝ್ ಹುಟ್ಟಿದ ಬಗೆಯನ್ನು ನೆನಪಿಸಿಕೊಳ್ಳಿ. ‘ಬ್ಲರ್’ ತಂಡದ ಗಾಯಕ ಡೇಮನ್ ಆಲ್ಬರ್ನ್ ಮತ್ತು ‘ಟ್ಯಾಂಕ್ ಗರ್ಲ್’ ಕಾಮಿಕ್ಸಿನ ಸಹಸೃಷ್ಟಿಕರ್ತ ಜೇಮಿ ಹ್ಯೂಲೆಟ್ ತೊಂಬತ್ತರ ದಶಕದ ಕೊನೆಯಲ್ಲಿ ಲಂಡನ್ನಿನ ವೆಸ್ಟ್‌ಬೋರ್ನ್ ಗ್ರೋವ್‌ನಲ್ಲಿ ಒಂದೇ ಮನೆಯಲ್ಲಿದ್ದರು. ಸಂಗೀತದ ಟೀವಿ ವಾಹಿನಿಯಾದ ಎಂಟೀವಿಯನ್ನು ನೋಡುತ್ತ ಕುಳಿತಿದ್ದಾಗ, ತೆರೆಯ ಮೇಲೆ ಬರುತ್ತಿರುವುದರಲ್ಲಿ ಹುರುಳೇ ಇಲ್ಲ, ಎಲ್ಲರೂ ತಯಾರಿಸಿದ ಗೊಂಬೆಗಳಂತಿದ್ದಾರೆ, ಹಾಗಿದ್ದ ಮೇಲೆ ನಿಜವಾಗಿಯೂ ಗೊಂಬೆಗಳದೇ ಒಂದು ತಂಡವನ್ನು ಏಕೆ ಕಟ್ಟಬಾರದು ಎಂಬ ಯೋಚನೆ ಅವರಿಗೆ ಬಂದದ್ದು ಪ್ರಸಿದ್ಧ ಸಂಗತಿ. ಅಂದರೆ ಈ ತಂಡ ಮೊದಲ ದಿನದಿಂದಲೂ ಪಾಪ್ ಉದ್ಯಮದ ಅಣಕವೇ ಆಗಿದೆ. ಅಣಕದ ತಂಡ ತನ್ನ ಇಪ್ಪತ್ತನೆಯ ವರ್ಷವನ್ನು ಆಚರಿಸಿಕೊಳ್ಳಲು ಪಾಪ್ ತಾರೆಯರ ಅತ್ಯಂತ ಅಗ್ಗದ, ಅತ್ಯಂತ ಆಪ್ತವಾದ ಸರಕಾದ ವಾರ್ಷಿಕವನ್ನೇ ಆರಿಸಿಕೊಂಡದ್ದು ನನಗಂತೂ ಬಹಳ ಹದವಾಗಿ ಕಾಣುತ್ತದೆ. ಸ್ಯಾಟಿನ್ ಬಟ್ಟೆ ಹೊದಿಸಿದ ಇತಿಹಾಸ ಗ್ರಂಥವನ್ನು ತಂದಿದ್ದರೆ, ತಾವು ಯಾರನ್ನು ಗೇಲಿ ಮಾಡುತ್ತಿದ್ದರೋ ಅವರ ಸಾಲಿನಲ್ಲಿಯೇ ಹೋಗಿ ಕುಳಿತಂತಾಗುತ್ತಿತ್ತು. ಇಲ್ಲಿ ಬೆಳೆದ ಓದುಗನಿಗೆ ಈ ತಮಾಷೆ ಮುಖಪುಟ ನೋಡಿದ ಕೂಡಲೇ ತಿಳಿಯುತ್ತದೆ. ಬೇರೆ ದೇಶಗಳ ಅಭಿಮಾನಿಗಳಲ್ಲಿ ಅನೇಕರಿಗೆ ಆ ರೂಪದ ಪರಿಚಯವೇ ಇಲ್ಲದ ಕಾರಣ, ಅವರು ಪುಸ್ತಕ ತೆರೆದು ಒಗಟನ್ನು ಕಂಡಾಗ ಪೆಚ್ಚಾದರು. ಅಭಿಪ್ರಾಯಭೇದದ ಅರ್ಧ ಭಾಗಕ್ಕೆ ಇದೇ ಕಾರಣವೆಂದು ನನ್ನ ಎಣಿಕೆ.

ಉತ್ತರ — ಮಂದ್ರಸ್ಥಾಯಿ

ಮೇಲಿನ ವಿವರಣೆ ಸೊಗಸಾಗಿದೆ, ಆದರೆ ಪೆಚ್ಚಾದವರೆಲ್ಲ ಬ್ರಿಟಿಷ್ ವಾರ್ಷಿಕದ ಪರಿಚಯವಿಲ್ಲದವರು ಎಂಬ ಮಾತನ್ನು ನಾನು ಒಪ್ಪಲಾರೆ. ಪೆಚ್ಚಾದವರಲ್ಲಿ ನಾನೂ ಒಬ್ಬ, ಮತ್ತು ನನಗೆ ಆ ರೂಪದ ಪರಿಚಯ ಚೆನ್ನಾಗಿಯೇ ಇದೆ.

ನಮ್ಮ ಬೇಸರದ ಬೇರು ಇನ್ನೊಂದು ಕಡೆ ಇದೆ. ಗೊರಿಲ್ಲಾಝ್ ಅಭಿಮಾನಿಗಳಲ್ಲಿ ಹಾಡು ಕೇಳುವವರಷ್ಟೇ ದೊಡ್ಡ ಸಂಖ್ಯೆಯಲ್ಲಿ ಕಥೆ ಹಿಂಬಾಲಿಸುವವರೂ ಇದ್ದಾರೆ. ನಾವು ತಂಡದ ಕಾಲಘಟ್ಟಗಳನ್ನು ಒಂದನೆಯ ಫೇಸ್ (ಹಂತ), ಎರಡನೆಯ ಫೇಸ್ ಎಂದು ಎಣಿಸುವವರು. ನೀಲಿ ಕೂದಲಿನ ಗಾಯಕ ಟೂ-ಡಿ, ಹಸಿರು ಬಣ್ಣದ ದುಷ್ಟ ಬಾಸ್ ವಾದಕ ಮರ್ಡಾಕ್ ನಿಕಲ್ಸ್, ಡ್ರಮ್ಮರ್ ರಸೆಲ್ ಹಾಬ್ಸ್, ಕೊರಿಯರ್ ಪೆಟ್ಟಿಗೆಯೊಳಗಿಂದ ಜಿಗಿದು ಬಂದ ಜಪಾನಿನ ಪುಟ್ಟ ಗಿಟಾರ್ ವಾದಕಿ ನೂಡಲ್ ಎಂಬ ಈ ನಾಲ್ವರ ಬದುಕು ಆಲ್ಬಮ್ಮಿನಿಂದ ಆಲ್ಬಮ್ಮಿಗೆ ಧಾರಾವಾಹಿಯಂತೆ ಮುಂದುವರಿದಿದೆ. 2005ರ ‘ಡೀಮನ್ ಡೇಸ್’ ಕಾಲದ ವಿಡಿಯೋಗಳಲ್ಲಿ ಗಾಳಿಗಿರಣಿಯುಳ್ಳ ತೇಲುವ ದ್ವೀಪವೊಂದು ಮೊದಲು ಕನಸಿನಂತೆ ಕಾಣಿಸಿಕೊಂಡು, ಮುಂದಿನೊಂದು ವಿಡಿಯೋದಲ್ಲಿ ಹೆಲಿಕಾಪ್ಟರುಗಳ ಗುಂಡಿಗೆ ತುತ್ತಾಗಿ ನೂಡಲ್‌ಳೊಡನೆ ನೆಲಕ್ಕೆ ಕುಸಿಯುತ್ತದೆ. 2010ರ ‘ಪ್ಲಾಸ್ಟಿಕ್ ಬೀಚ್’ ಹೊತ್ತಿಗೆ ಮರ್ಡಾಕ್ ಶಾಂತಸಾಗರದ ನಡುವೆ ಕಸದಿಂದಾದ ದ್ವೀಪವೊಂದರಲ್ಲಿ ನೆಲೆಸಿ, ಕಾಣೆಯಾದ ನೂಡಲ್‌ಳ ಜಾಗಕ್ಕೆ ಯಂತ್ರದ ನೂಡಲ್‌ಳನ್ನು ತಯಾರಿಸಿಕೊಂಡಿರುತ್ತಾನೆ. ಆ ಕಥೆಯ ಮುಖ್ಯ ಘಟ್ಟ ಬರಬೇಕಾಗಿದ್ದ ವಿಡಿಯೋ ಪೂರ್ಣಗೊಳ್ಳಲೇ ಇಲ್ಲ. ದೃಶ್ಯಗಳ ಕರಡು ಚಿತ್ರಗಳಾದ ಪೆನ್ಸಿಲ್ ರೇಖೆಗಳ ಸ್ಟೋರಿಬೋರ್ಡ್ ಅಷ್ಟನ್ನೇ ಹೊರಬಿಟ್ಟರು. ಅದಾದ ಮೇಲೆ ಆಲ್ಬರ್ನ್ ಮತ್ತು ಹ್ಯೂಲೆಟ್ ನಡುವೆ ಮುನಿಸು ಬಂದು ಕೆಲವು ವರ್ಷ ಎಲ್ಲವೂ ಸ್ತಬ್ಧವಾಯಿತು. 2016ರಲ್ಲಿ ಇನ್‌ಸ್ಟಾಗ್ರಾಮಿನಲ್ಲಿ ಒಬ್ಬೊಬ್ಬ ಪಾತ್ರದ ಹೆಸರಿನಲ್ಲಿ ಸಣ್ಣ ಸಚಿತ್ರ ಕಥೆಗಳನ್ನು ಪ್ರಕಟಿಸಿ ಬಿಟ್ಟುಹೋದ ಕೊಂಡಿಗಳನ್ನು ಅವಸರದಲ್ಲಿ ಜೋಡಿಸಲಾಯಿತು.

ಈ ಹಿನ್ನೆಲೆಯಲ್ಲಿ ಇಪ್ಪತ್ತನೆಯ ವರ್ಷಕ್ಕೊಂದು ಪುಸ್ತಕ ಬರುತ್ತದೆ, ಅದೂ ಕಾಮಿಕ್ಸ್ ಪ್ರಕಾಶಕರಿಂದಲೇ ಬರುತ್ತದೆ ಎಂದು ತಿಳಿದಾಗ ನಮ್ಮ ಮನಸ್ಸಿನಲ್ಲಿ ಮೂಡಿದ ಚಿತ್ರ ಯಾವುದಿರಬಹುದೆಂದು ನೀವೇ ಊಹಿಸಿ. 2006ರಲ್ಲಿ ಪ್ರಕಟವಾದ ‘ರೈಸ್ ಆಫ್ ದಿ ಓಗರ್’ ಎಂಬ ಕಾಲ್ಪನಿಕ ಆತ್ಮಕಥೆ ನಮ್ಮ ಕಣ್ಣ ಮುಂದಿತ್ತು. ನಾಲ್ವರೂ ತಾವೇ ಮಾತನಾಡುತ್ತ, ಒಬ್ಬರ ಸುಳ್ಳನ್ನು ಇನ್ನೊಬ್ಬರು ಬಯಲು ಮಾಡುತ್ತ ತಂಡದ ಚರಿತ್ರೆಯನ್ನು ಹೇಳುವ, ಮೊದಲಿನಿಂದ ಕೊನೆಯವರೆಗೆ ಹ್ಯೂಲೆಟ್‌ರ ಚಿತ್ರಗಳಿಂದ ತುಂಬಿದ ಪುಸ್ತಕವದು. ಅದರ ಎರಡನೆಯ ಸಂಪುಟವನ್ನು ನಾವು ಹದಿನಾಲ್ಕು ವರ್ಷಗಳಿಂದ ಬಯಸುತ್ತಿದ್ದೆವು. ಬಂದದ್ದು ‘ಸಾಂಗ್ ಮಷೀನ್’ ಕಾಲದ ಹಾಸ್ಯದ ತುಣುಕುಗಳು ಮತ್ತು ಆಟಗಳು. ಚಿತ್ರಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ ಕಥೆ ಒಂದಂಗುಲವೂ ಮುಂದೆ ಸರಿಯದ ಪುಸ್ತಕವನ್ನು ಇಪ್ಪತ್ತು ವರ್ಷಗಳ ಸಂಭ್ರಮವೆಂದು ಕರೆಯುವುದು, ಮದುವೆಗೆ ಕರೆದು ಪಾನಕ ಮಾತ್ರ ಕೊಟ್ಟು ಕಳಿಸಿದಂತೆ ಎಂದು ಅನಿಸಿದ್ದು ನನಗೊಬ್ಬನಿಗೇ ಅಲ್ಲ.

ಉತ್ತರ — ಗೆರೆಗಾರ

ನಾನು ವೃತ್ತಿಯಿಂದ ಚಿತ್ರ ಬರೆಯುವವನಾದ್ದರಿಂದ ಈ ಪುಸ್ತಕವನ್ನು ಗೆರೆಗಳಿಗಾಗಿ ಕೊಂಡೆ, ಮತ್ತು ಇಬ್ಬರೂ ಹೇಳದೆ ಬಿಟ್ಟ ಒಂದು ಸಂಗತಿಯೇ ನನಗೆ ಇಲ್ಲಿ ಅತ್ಯಂತ ಮುಖ್ಯವಾಗಿ ಕಾಣುತ್ತದೆ.

ಮಕ್ಕಳ ವಾರ್ಷಿಕದ ಪಾತ್ರಗಳಿಗೆ ವಯಸ್ಸಾಗುವುದಿಲ್ಲ. ‘ಬೀನೋ’ದ ತುಂಟ ಡೆನಿಸ್ 1951ರಲ್ಲಿ ಹುಟ್ಟಿದವನು, ಇಂದಿಗೂ ಚಡ್ಡಿ ಹಾಕಿಕೊಂಡು ನೆರೆಹೊರೆಯವರ ಕಿಟಕಿ ಒಡೆಯುತ್ತಿದ್ದಾನೆ. ನಮ್ಮ ‘ಚಂದಮಾಮ’ದ ತ್ರಿವಿಕ್ರಮ ಎಷ್ಟು ದಶಕ ಹೆಣ ಹೊತ್ತರೂ ಅವನ ಮೀಸೆಯ ಒಂದು ಕೂದಲೂ ನೆರೆಯಲಿಲ್ಲ. ಓದುಗ ಬೆಳೆದು ದೊಡ್ಡವನಾದರೂ ಪಾತ್ರ ಅಲ್ಲಿಯೇ ಉಳಿದಿರುತ್ತದೆ ಎಂಬ ಭರವಸೆಯ ಮೇಲೆಯೇ ಆ ಪ್ರಕಾರ ನಿಂತಿದೆ. ಕಾರ್ಟೂನ್ ಬ್ಯಾಂಡುಗಳ ವಿಷಯದಲ್ಲಿಯೂ ಇದೇ ನಿಯಮ ನಡೆದುಬಂದಿದೆ. 1969ರಲ್ಲಿ ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ‘ಆರ್ಚೀಸ್’ ತಂಡದ ಹುಡುಗರು, ಅವರಿಗಾಗಿ ಹಾಡಿದ ರಾನ್ ಡಾಂಟೆ ಮುದುಕರಾದ ಮೇಲೂ ಕಾಲೇಜು ಮೆಟ್ಟಿಲು ಹತ್ತದ ಶಾಲಾ ಹುಡುಗರಾಗಿಯೇ ಇದ್ದಾರೆ.

ಹ್ಯೂಲೆಟ್ ಈ ನಿಯಮವನ್ನು ಮುರಿದರು. ಕಥೆಯ ಲೆಕ್ಕದಲ್ಲಿ ಮರ್ಡಾಕ್ ಹುಟ್ಟಿದ್ದು 1966ರ ಜೂನ್ 6ರಂದು, ಸೈತಾನನ ಸಂಖ್ಯೆಯೆನ್ನಲಾಗುವ 666ಕ್ಕೆ ಹೊಂದುವಂತೆ. ನೂಡಲ್ ಹುಟ್ಟಿದ್ದು 1990ರ ಅಕ್ಟೋಬರ್ 31ರಂದು. ಮೊದಲ ಆಲ್ಬಮ್ ಬಂದ 2001ರಲ್ಲಿ ಹಣೆಯ ಮೇಲೆ ಹೆಲ್ಮೆಟ್ಟಿನಂಥ ಟೊಪ್ಪಿಗೆ ಹೊತ್ತ ಹತ್ತು ವರ್ಷದ ಮಗುವಾಗಿದ್ದವಳು, ‘ಡೀಮನ್ ಡೇಸ್’ ಹೊತ್ತಿಗೆ ಕಣ್ಣು ಮುಚ್ಚುವ ಮುಂಗುರುಳಿನ ಹದಿಹರೆಯದ ಹುಡುಗಿಯಾದಳು, 2017ರ ‘ಹ್ಯೂಮನ್ಝ್’ ವೇಳೆಗೆ ಪೂರ್ಣವಾಗಿ ಬೆಳೆದ ಹೆಂಗಸಾದಳು, ವಾರ್ಷಿಕ ಬಂದ ವರ್ಷ ಅವಳಿಗೆ ಮೂವತ್ತು ತುಂಬಿತು. ಮರ್ಡಾಕನ ಹೊಟ್ಟೆ ಇಳಿಬಿದ್ದಿದೆ, ಟೂ-ಡಿಯ ಹಲ್ಲಿಲ್ಲದ ಮುಖದಲ್ಲಿ ದಣಿವು ಕಾಣುತ್ತದೆ. ಹೀಗೆ ಅಭಿಮಾನಿಗಳ ಜೊತೆಜೊತೆಗೆ ವರ್ಷ ಕಳೆಯುತ್ತ ಬಂದ ಪಾತ್ರಗಳನ್ನು, ವರ್ಷವೇ ಕಳೆಯದ ಪಾತ್ರಗಳಿಗಾಗಿ ಮಾಡಿದ ಅಂಗಿಯೊಳಗೆ ತುರುಕಿದಾಗ ಹುಟ್ಟುವ ಬಿಗಿತವೇ ಈ ಪುಸ್ತಕದ ರುಚಿ ಎಂದು ನಾನು ಭಾವಿಸುತ್ತೇನೆ. ಐವತ್ತು ದಾಟಿದ ಸೈತಾನಭಕ್ತನೊಬ್ಬ ಮಕ್ಕಳ ಒಗಟಿನ ಪುಟದಲ್ಲಿ ನಿಂತಿರುವುದು ನಗೆಯನ್ನೂ ತುಸು ಮುಜುಗರವನ್ನೂ ಒಟ್ಟಿಗೆ ತರುತ್ತದೆ, ಮತ್ತು ಆ ಮುಜುಗರ ಬೇಕೆಂದೇ ತಂದದ್ದು.

ಗೆರೆಗಳ ಬಗ್ಗೆಯೂ ಎರಡು ಮಾತು ಹೇಳಬೇಕು. ಹ್ಯೂಲೆಟ್ ಹೆಸರು ಮಾಡಿದ್ದು 1988ರಲ್ಲಿ ‘ಡೆಡ್‌ಲೈನ್’ ಪತ್ರಿಕೆಯಲ್ಲಿ ಅಲನ್ ಮಾರ್ಟಿನ್ ಜೊತೆಗೂಡಿ ಆರಂಭಿಸಿದ ‘ಟ್ಯಾಂಕ್ ಗರ್ಲ್’ ಮೂಲಕ. ಅಲ್ಲಿನ ಪುಟಗಳಲ್ಲಿ ಉಸಿರಾಡಲೂ ಜಾಗವಿಲ್ಲದಷ್ಟು ಗೆರೆ, ಬರಹ, ಅಂಚಿನ ಕುಚೋದ್ಯಗಳು ತುಂಬಿರುತ್ತಿದ್ದವು. ಗೊರಿಲ್ಲಾಝ್ ಆರಂಭವಾದಾಗ ಪಾತ್ರಗಳನ್ನು ಅನಿಮೇಷನ್ನಿಗೆ ಒಗ್ಗಿಸಬೇಕಾದ್ದರಿಂದ ಅವರು ಗೆರೆಯನ್ನು ದಪ್ಪವಾಗಿಸಿದರು, ಬಣ್ಣವನ್ನು ಸಪಾಟಾಗಿಸಿದರು, ಕಣ್ಣುಗಳನ್ನು ಬಿಳಿ ಅಥವಾ ಕಪ್ಪು ಗುಂಡಿಗಳನ್ನಾಗಿಸಿದರು. ಮುಂದೆ ಛಾಯೆ ಬಂತು, ಮೂರು ಆಯಾಮದ ಗಣಕಚಿತ್ರಣ ಬಂತು, ಮತ್ತೆ ಕೈಬರಹದ ಸಡಿಲ ಗೆರೆಗೆ ಮರಳಿದರು. 2006ರಲ್ಲಿ ಲಂಡನ್ನಿನ ಡಿಸೈನ್ ಮ್ಯೂಸಿಯಂ ಅವರನ್ನು ವರ್ಷದ ವಿನ್ಯಾಸಕಾರನೆಂದು ಗೌರವಿಸಿದ್ದು ಈ ಕೆಲಸಕ್ಕಾಗಿಯೇ. ಎರಡು ದಶಕ ತೆರೆಗಾಗಿ ದುಡಿದ ಪಾತ್ರಗಳು ಈ ವಾರ್ಷಿಕದಲ್ಲಿ ಕಾಮಿಕ್ಸಿನ ಚೌಕಟ್ಟಿಗೆ ಹಿಂದಿರುಗಿವೆ. ತೆರೆಯ ಮೇಲೆ ಮೂರು ನಿಮಿಷದಲ್ಲಿ ಹಾರಿಹೋಗುವ ಹಿನ್ನೆಲೆಯ ಗೋಡೆಬರಹಗಳನ್ನೂ ಮೂಲೆಯಲ್ಲಿ ಬಿದ್ದ ಡಬ್ಬಗಳನ್ನೂ ಇಲ್ಲಿ ನಿಧಾನವಾಗಿ ನೋಡುತ್ತ ಕೂರಬಹುದು. ಹ್ಯೂಲೆಟ್ ಒಬ್ಬರೇ ಇಷ್ಟೂ ಪುಟಗಳನ್ನು ಬರೆದಿಲ್ಲ, ಅವರ ತಂಡದ ಚಿತ್ರಕಾರರೂ ಕೈ ಹಚ್ಚಿದ್ದಾರೆ, ಆದ್ದರಿಂದ ಗೆರೆಯ ಮಟ್ಟ ಎಲ್ಲ ಕಡೆ ಒಂದೇ ಸಮನಾಗಿಲ್ಲ ಎಂಬುದನ್ನು ಮಾತ್ರ ಮುಚ್ಚಿಡಲಾರೆ. ಪೂರ್ತಿ ಹ್ಯೂಲೆಟ್ ಬೇಕೆನ್ನುವವರು ‘ರೈಸ್ ಆಫ್ ದಿ ಓಗರ್’ ಕಡೆಗೇ ಹೋಗಬೇಕು. ಈ ಒಂದು ವಿಷಯದಲ್ಲಿ ಮಂದ್ರಸ್ಥಾಯಿಯವರ ಪರವಾಗಿಯೇ ನನ್ನ ಮತ.

ಮರುಪ್ರಶ್ನೆ — ನೀಲಿಶಾಯಿ

ಮೂವರಿಗೂ ಧನ್ಯವಾದಗಳು. ಪಾತ್ರಗಳಿಗೆ ವಯಸ್ಸಾಗುತ್ತದೆಂಬ ಸಂಗತಿ ನನಗೆ ತಿಳಿದಿರಲಿಲ್ಲ, ಅದರಿಂದ ಪುಸ್ತಕವನ್ನು ನೋಡುವ ಬಗೆಯೇ ಬದಲಾಯಿತು. ಇನ್ನೊಂದು ಸಂದೇಹ ಉಳಿದಿದೆ. ಪುಸ್ತಕದ ಕಾಮಿಕ್ಸ್‌ಗಳು ‘ಸಾಂಗ್ ಮಷೀನ್’ ಆಲ್ಬಮ್ಮಿಗೆ ಹತ್ತಿರವಾಗಿವೆಯೆಂದು ತಿಳಿಯಿತು. ಆ ಆಲ್ಬಮ್ಮನ್ನು ನಾನು ಬಿಡಿಬಿಡಿಯಾಗಿ ಮಾತ್ರ ಕೇಳಿದ್ದೇನೆ. ಅದರ ಪರಿಚಯವಿಲ್ಲದವನಿಗೆ ಪುಸ್ತಕ ದಕ್ಕುತ್ತದೆಯೇ? ಅಲ್ಲದೆ ತಂಡ ಶುರುವಾದದ್ದು 1998ರಲ್ಲಿ, ಮೊದಲ ಆಲ್ಬಮ್ ಬಂದದ್ದು 2001ರಲ್ಲಿ ಎನ್ನುತ್ತಾರೆ, ಹಾಗಿದ್ದರೆ 2020ರಲ್ಲಿ ಇಪ್ಪತ್ತು ತುಂಬಿದ್ದು ಯಾವ ಲೆಕ್ಕದಲ್ಲಿ?

ಉತ್ತರ — ಮಂದ್ರಸ್ಥಾಯಿ

ಲೆಕ್ಕದ ವಿಷಯ ಸುಲಭ. ತಂಡದ ಮೊದಲ ಧ್ವನಿಮುದ್ರಿಕೆಯಾದ ಇಪಿ, ಅಂದರೆ ಕೆಲವೇ ಹಾಡುಗಳ ಸಣ್ಣ ಮುದ್ರಿಕೆ, ಹೊರಬಂದದ್ದು 2000ದ ನವೆಂಬರಿನಲ್ಲಿ, ಹಾಗಾಗಿ 2020ಕ್ಕೆ ಇಪ್ಪತ್ತು ಸರಿಹೋಗುತ್ತದೆ.

‘ಸಾಂಗ್ ಮಷೀನ್’ ಬಗ್ಗೆ ಮಾತ್ರ ತುಸು ವಿವರವಾಗಿ ಹೇಳಬೇಕು, ಏಕೆಂದರೆ ಪುಸ್ತಕದ ಸ್ವಭಾವಕ್ಕೆ ಅದೇ ಕಾರಣ. 2020ರ ಜನವರಿಯ ಕೊನೆಯಲ್ಲಿ ತಂಡ, ಇಡೀ ಆಲ್ಬಮ್ಮನ್ನು ಒಮ್ಮೆಗೇ ಬಿಡುವ ಬದಲು ಕಂತುಕಂತಾಗಿ ಹಾಡುಗಳನ್ನು ಬಿಡುವ ಯೋಜನೆಯನ್ನು ಆರಂಭಿಸಿತು. ಒಂದೊಂದು ಕಂತಿಗೂ ಹೊಸ ಅತಿಥಿಗಳು, ಒಂದು ವಿಡಿಯೋ. ಮಾಲಿ ಮೂಲದ ಗಾಯಕಿ ಫಾತೂಮಾತಾ ಡಿಯವಾರಾ ಅವರೊಡನೆ ಇಟಲಿಯ ಕೋಮೋ ಸರೋವರದಲ್ಲಿ ದೋಣಿವಿಹಾರ ಮಾಡಿದ ಕಂತು ಬಂದ ಕೆಲವೇ ದಿನಗಳಲ್ಲಿ ಅದೇ ಪ್ರದೇಶ ಕೋವಿಡ್‌ನಿಂದ ಬಾಗಿಲು ಮುಚ್ಚಿತು. ನೈಜೀರಿಯಾದ ಮಹಾ ಡ್ರಮ್ ವಾದಕ ಟೋನಿ ಆಲನ್ ಏಪ್ರಿಲ್ 30ರಂದು ತೀರಿಕೊಂಡಾಗ, ಅವರು ನುಡಿಸಿದ್ದ ಹಾಡನ್ನು ಎರಡೇ ದಿನಗಳಲ್ಲಿ ಹೊರತಂದರು. ಪ್ಯಾಕ್‌ಮ್ಯಾನ್ ಆಟಕ್ಕೆ ನಲವತ್ತು ತುಂಬಿದ್ದಕ್ಕೆ ಒಂದು ಕಂತು, ಆಮೇಲೆ ‘ಕ್ಯೂರ್’ ತಂಡದ ಗಾಯಕ ರಾಬರ್ಟ್ ಸ್ಮಿತ್, ಪಾಪ್ ಗಾಯಕ ಎಲ್ಟನ್ ಜಾನ್, ಹೀಗೆ ಅಕ್ಟೋಬರ್ 23ರಂದು ಆಲ್ಬಮ್ ಪೂರ್ಣಗೊಂಡಿತು. ಒಂದಕ್ಕೊಂದು ಕಥೆಯ ನಂಟಿಲ್ಲದ, ಪ್ರತಿ ಬಾರಿಯೂ ಹೊಸದಾಗಿ ಶುರುವಾಗುವ ಈ ಕಂತುಗಳ ಸ್ವಭಾವವನ್ನೇ ವಾರ್ಷಿಕವೂ ಹೊತ್ತುಕೊಂಡಿದೆ. ಆದ್ದರಿಂದ ಆಲ್ಬಮ್ ಗೊತ್ತಿಲ್ಲದೆಯೂ ಪುಸ್ತಕ ದಕ್ಕುತ್ತದೆ. ಸಿಡಿ ಹೇಗೂ ಜೊತೆಗಿರುತ್ತದೆ, ಮೊದಲು ಅದನ್ನು ಒಮ್ಮೆ ಕೇಳಿ, ಸಾಧ್ಯವಾದರೆ ವಿಡಿಯೋಗಳನ್ನೂ ನೋಡಿ, ಆಮೇಲೆ ಪುಟ ತಿರುವಿ.

ನನ್ನ ಮೂಲ ಆಕ್ಷೇಪವೂ ಇಲ್ಲಿಯೇ ಇದೆ ಎಂಬುದನ್ನು ಮತ್ತೊಮ್ಮೆ ಹೇಳಿಬಿಡುತ್ತೇನೆ. ಇದು 2020ರ ವಾರ್ಷಿಕವೆಂದರೆ ಬಹಳ ಒಳ್ಳೆಯ ಪುಸ್ತಕ, ಇಪ್ಪತ್ತು ವರ್ಷಗಳ ಸ್ಮರಣಸಂಚಿಕೆಯೆಂದರೆ ಸಾಲದು. ಮಾರಾಟದ ಮಾತಿನಲ್ಲಿ ಎರಡನ್ನೂ ಬೆರೆಸಿ ಹೇಳಿದ್ದರಿಂದಲೇ ಜನ ಬೇರೆ ಬೇರೆ ನಿರೀಕ್ಷೆ ಇಟ್ಟುಕೊಂಡರು. 2018ರಲ್ಲಿ ಮರ್ಡಾಕ್ ಜೈಲಿನಲ್ಲಿದ್ದಾನೆಂಬ ಕಥೆ ಕಟ್ಟಿ, ಅವನ ಜಾಗಕ್ಕೆ ‘ಪವರ್‌ಪಫ್ ಗರ್ಲ್ಸ್’ ಧಾರಾವಾಹಿಯ ಪುಂಡರ ಗುಂಪಿನಿಂದ ಏಸ್ ಎಂಬವನನ್ನು ಬಾಸ್ ನುಡಿಸಲು ಕರೆತಂದರಲ್ಲ, ಬೇರೊಬ್ಬರ ಕಾರ್ಟೂನಿನ ಪಾತ್ರವನ್ನು ಎರವಲು ತರುವಷ್ಟು ಧೈರ್ಯವಿರುವ ತಂಡಕ್ಕೆ ತನ್ನದೇ ಕಥೆಯನ್ನು ಕೂತು ಬರೆಯುವುದು ಕಷ್ಟವಾಗಬಾರದಿತ್ತು.

ಉತ್ತರ — ಲೀಡ್ಸ್‌ವಾಸಿ

ಮಂದ್ರಸ್ಥಾಯಿಯವರ ವಾದಕ್ಕೆ ನಾನು ಪೂರ್ತಿ ಎದುರಾಗಿಲ್ಲ, ಆದರೆ ಒಂದು ಸಂಗತಿಯನ್ನು ತೂಕಕ್ಕೆ ಹಾಕಬೇಕೆಂದು ಕೋರುತ್ತೇನೆ. 2001ರ ಮೊದಲ ಪ್ರದರ್ಶನಗಳಲ್ಲಿ ವಾದಕರೆಲ್ಲ ಪರದೆಯ ಹಿಂದೆ ನೆರಳಾಗಿ ನಿಂತಿದ್ದರು, ಪರದೆಯ ಮೇಲೆ ಕಾಣಿಸುತ್ತಿದ್ದವರು ಕಾರ್ಟೂನ್ ನಾಲ್ವರು ಮಾತ್ರ. 2005ರಲ್ಲಿ ಮ್ಯಾಂಚೆಸ್ಟರ್ ಆಪೆರಾ ಹೌಸ್‌ನ ಪ್ರದರ್ಶನಗಳ ಹೊತ್ತಿಗೆ ಅತಿಥಿ ಗಾಯಕರು ಬೆಳಕಿಗೆ ಬಂದರು, ವಾದ್ಯವೃಂದ ಮಾತ್ರ ನೆರಳಾಗಿಯೇ ಉಳಿಯಿತು. 2010ರ ಪ್ರವಾಸದಲ್ಲಿ ‘ಕ್ಲ್ಯಾಶ್’ ತಂಡದ ಮಿಕ್ ಜೋನ್ಸ್, ಪಾಲ್ ಸಿಮನನ್ ಸಹಿತ ಎಲ್ಲರೂ ವೇದಿಕೆಯ ಮುಂಭಾಗಕ್ಕೆ ಬಂದು ನಿಂತರು, ಆಲ್ಬರ್ನ್ ಎಲ್ಲರಿಗೂ ಕಾಣುವಂತೆ ಹಾಡಿದರು, ಕಾರ್ಟೂನುಗಳು ಹಿಂದಿನ ತೆರೆಗೆ ಸರಿದವು. ಸಂಗೀತಕ್ಕೆ ಅದರಿಂದ ಲಾಭವೇ ಆಯಿತು, ಆದರೆ ಇದು ಯಾರ ಬ್ಯಾಂಡು ಎಂಬ ಪ್ರಶ್ನೆ ಅಭಿಮಾನಿಗಳ ನಡುವೆ ಅಂದಿನಿಂದಲೂ ಹೊಗೆಯಾಡುತ್ತಿದೆ. ವಾರ್ಷಿಕದ ಪುಟಗಳಲ್ಲಿ ಆ ಗೊಂದಲವಿಲ್ಲ. ಅಲ್ಲಿ ನಾಲ್ವರೇ ಯಜಮಾನರು, ಎಲ್ಟನ್ ಜಾನ್‌ರಂಥವರು ಕೂಡ ಅವರ ಮನೆಗೆ ಬಂದ ನೆಂಟರು. ಕಥೆ ಮುಂದೆ ಹೋಗಲಿಲ್ಲವೆಂಬ ಕೊರತೆಯ ಎದುರಿಗೆ ಇದನ್ನೂ ಇಟ್ಟು ನೋಡಿ. ಇಪ್ಪತ್ತೈದನೆಯ ವರ್ಷಕ್ಕೆ, ಅಂದರೆ 2025ರಲ್ಲಿ, ಲಂಡನ್ನಿನ ಕಾಪರ್ ಬಾಕ್ಸ್ ಅರೀನಾದಲ್ಲಿ ‘ಹೌಸ್ ಆಫ್ ಕಾಂಗ್’ ಎಂಬ ಪ್ರದರ್ಶನವನ್ನು ಏರ್ಪಡಿಸಿ ಈ ನಾಲ್ವರ ಲೋಕದೊಳಗೆ ಜನರನ್ನು ನಡೆದಾಡಿಸಿದ್ದೂ ಅದೇ ದಾರಿಯ ಮುಂದುವರಿಕೆ ಎಂದು ನನಗೆ ತೋರುತ್ತದೆ.

ಉತ್ತರ — ಹಳೆಹೊತ್ತಗೆ

ಚರ್ಚೆ ಸ್ವಾರಸ್ಯಕರವಾಗಿದೆ. ನಾನು ಕೊಳ್ಳುವ ಬಗ್ಗೆ ಮಾತ್ರ ಹೇಳುತ್ತೇನೆ.

ಈ ವಾರ್ಷಿಕ ಸಾಮಾನ್ಯ, ಡೀಲಕ್ಸ್, ಸೂಪರ್ ಡೀಲಕ್ಸ್ ಎಂಬ ಆವೃತ್ತಿಗಳಲ್ಲಿ ಬಂದಿದೆ. ಒಳಗಿನ ಓದು ಮುಖ್ಯವಾದವರಿಗೆ ಸಾಮಾನ್ಯ ಆವೃತ್ತಿ ಧಾರಾಳವಾಗಿ ಸಾಕು. ಹಬ್ಬದ ಉಡುಗೊರೆಯಾಗಿ ಹುಟ್ಟಿದ ಅಗ್ಗದ ಪ್ರಕಾರವೊಂದನ್ನು ಪೆಟ್ಟಿಗೆಯೊಳಗಿಟ್ಟು ದುಬಾರಿಯಾಗಿ ಮಾರುವುದು ಆ ಪ್ರಕಾರದ ಮರ್ಯಾದೆಗೇ ವಿರುದ್ಧವೆಂಬುದು ನನ್ನ ಖಾಸಗಿ ಅಭಿಪ್ರಾಯ, ಸಂಗ್ರಾಹಕ ಮಿತ್ರರು ಕ್ಷಮಿಸಲಿ. ವಿದೇಶದಿಂದ ತರಿಸಿಕೊಂಡವರಿಗೆ ಆಗ ಪುಸ್ತಕದ ಬೆಲೆಗಿಂತ ಸಾಗಣೆ ಮತ್ತು ಸುಂಕದ್ದೇ ಚಿಂತೆಯಾಗಿತ್ತು. ಕೋವಿಡ್ ಕಾಲದ ಅಂಚೆಯೂ ಸೇರಿಕೊಂಡು ನನ್ನ ಪ್ರತಿ ಕೈಸೇರುವ ಹೊತ್ತಿಗೆ ಅದು ಬಂದೀತೆಂಬ ಆಸೆಯನ್ನೇ ಬಿಟ್ಟಿದ್ದೆ. ಅಂದಿನ ಅಭಿಮಾನಿಗಳ ಕಟು ಬರಹಗಳನ್ನು ಓದುವಾಗ, ಅದರಲ್ಲಿ ಎಷ್ಟು ಪಾಲು ಪುಸ್ತಕದ ಮೇಲಿನ ಸಿಟ್ಟು, ಎಷ್ಟು ಪಾಲು ಕಾದು ಸುಸ್ತಾದ ಸಿಟ್ಟು ಎಂಬುದನ್ನು ಬೇರ್ಪಡಿಸಿ ಓದುವುದು ಒಳ್ಳೆಯದು.

ನಿಮ್ಮ ಪರಿಚಿತರ ಪ್ರತಿಯನ್ನು ಕೈಗೆತ್ತಿಕೊಂಡಾಗ ಸಿಡಿ ಇದೆಯೇ ಎಂದು ಮೊದಲು ನೋಡಿ. ಸಿಡಿಯಿಲ್ಲದ ಪ್ರತಿಗೆ ಪೂರ್ಣ ಬೆಲೆ ಕೊಡಬೇಡಿ. ಬೆನ್ನಿನ ಹೊಲಿಗೆ ಸಡಿಲವಾಗಿದೆಯೇ ಎಂಬುದನ್ನು ಪುಸ್ತಕವನ್ನು ನಡುವಿಗೆ ತೆರೆದು ಪರೀಕ್ಷಿಸಿ. ಮೂರನೆಯದಾಗಿ, ಒಗಟಿನ ಪುಟಗಳನ್ನು ತಿರುವಿ ನೋಡಿ, ಮನೆಯಲ್ಲಿ ಮಕ್ಕಳಿದ್ದರೆ ಪೆನ್ನು ಆಡಿರುವ ಸಾಧ್ಯತೆ ಹೆಚ್ಚು.

ಪ್ರತಿಕ್ರಿಯೆ — ನೀಲಿಶಾಯಿ

ಪರಿಚಿತರನ್ನು ವಿಚಾರಿಸಿದೆ. ಸಿಡಿ ಇದೆ, ಹೊಲಿಗೆ ಗಟ್ಟಿಯಾಗಿದೆ, ಆದರೆ ಒಗಟುಗಳಲ್ಲಿ ಕೆಲವನ್ನು ಅವರ ಮಗಳು ಪೆನ್ಸಿಲ್ಲಿನಲ್ಲಿ ಬಿಡಿಸಿಬಿಟ್ಟಿದ್ದಾಳೆ. ಲೀಡ್ಸ್‌ವಾಸಿಯವರು ವಿವರಿಸಿದ ಪ್ರಕಾರಕ್ಕೆ ಅದು ದೋಷವಲ್ಲವೆಂದು ಭಾವಿಸಿ ಕೊಳ್ಳಲು ಒಪ್ಪಿದ್ದೇನೆ, ಬೆಲೆಯಲ್ಲಿ ಮಾತ್ರ ತುಸು ಇಳಿಸಿಕೊಂಡೆ. ‘ರೈಸ್ ಆಫ್ ದಿ ಓಗರ್’ ಪ್ರತಿ ಯಾರಲ್ಲಾದರೂ ಇದ್ದು ಓದಲು ಎರವಲು ಕೊಡುವ ಮನಸ್ಸಿದ್ದರೆ ದಯವಿಟ್ಟು ತಿಳಿಸಿ.

ಪ್ರತಿಕ್ರಿಯೆ — ಮಂದ್ರಸ್ಥಾಯಿ

ನನ್ನಲ್ಲಿದೆ. ಎರವಲು ಕೊಡುವುದಿಲ್ಲ, ಮನೆಗೆ ಬಂದು ಓದಬಹುದು.